ಕಾರಿನ ಸ್ಟೀರಿಯೋ ವೈರಿಂಗ್: ಮಳೆ ನಾಡಿನಲ್ಲಿ ಯಾವ ಜಾಗಕ್ಕೆ ಯಾವ ಜಾಯಿಂಟ್?

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೊಡಗಿನಲ್ಲಿ ಕಾರ್ ಸ್ಟೀರಿಯೋ ತಕರಾರುಗಳೂ ಶುರುವಾಗುತ್ತವೆ. ಎಡಗಡೆ ಬಾಗಿಲಿನ ಸ್ಪೀಕರ್ ಒಮ್ಮೆ ಹಾಡುತ್ತದೆ, ಒಮ್ಮೆ ಇಲ್ಲ. ಸಂಪಾಜೆ ಘಾಟಿಯ ತಿರುವಿನಲ್ಲಿ ಸೆಟ್ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಗಡಿಯಾರ ಸೊನ್ನೆಗೆ ಬಂದಿರುತ್ತದೆ, ಸೇವ್ ಮಾಡಿಟ್ಟಿದ್ದ ಮಡಿಕೇರಿ ಆಕಾಶವಾಣಿ ಸ್ಟೇಷನ್ ಮಾಯ. ಸೆಟ್ ಕೆಟ್ಟಿತು ಅಂತ ಜನ ಹೊಸದು ನೋಡಲು ಹೊರಡುತ್ತಾರೆ. ಆದರೆ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಎಷ್ಟೋ ಸಲ ಸಿಗುವುದು ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ಟೇಪ್ ಅರ್ಧ ಬಿಚ್ಚಿಕೊಂಡಿರುತ್ತದೆ, ಒಳಗಿನ ತಾಮ್ರ ಕಪ್ಪೋ ಹಸಿರೋ ಆಗಿರುತ್ತದೆ.

ವೈರ್ ಜೋಡಿಸಲು ಹಲವು ದಾರಿಗಳಿವೆ. ಸೋಲ್ಡರ್ (ಲೆಡ್ ಕರಗಿಸಿ ಬೆಸೆಯುವುದು) ಒಳ್ಳೆಯದೋ ಕ್ರಿಂಪ್ (ಲೋಹದ ಕೊಳವೆ ಒತ್ತಿ ಹಿಡಿಸುವುದು) ಒಳ್ಳೆಯದೋ ಅಂತ ವಾದಕ್ಕೆ ನಿಲ್ಲುವವರು ಎಲ್ಲ ಕಡೆ ಇದ್ದಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು, ಆ ಜಾಯಿಂಟ್ ಗಾಡಿಯ ಯಾವ ಜಾಗದಲ್ಲಿ ಕೂರುತ್ತದೆ ಅನ್ನುವುದು. ಡ್ಯಾಶ್‌ಬೋರ್ಡ್ ಹಿಂದೆ ಅಲುಗಾಟ ಇದೆ, ನೀರಿಲ್ಲ. ಬಾಗಿಲಿನೊಳಗೆ ನೀರೂ ಇದೆ, ಬಡಿತವೂ ಇದೆ. ಬಾನೆಟ್ ಕೆಳಗೆ ಇವೆರಡರ ಜೊತೆ ಬಿಸಿಯೂ ಸೇರುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯಲ್ಲಿ ನಿಲ್ಲುವ ಗಾಡಿಗೂ ಕುಶಾಲನಗರದ ಒಣ ಹವೆಯಲ್ಲಿ ಓಡಾಡುವ ಗಾಡಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಹಾಳಾದ ಜಾಯಿಂಟ್‌ನ ರೆಸಿಸ್ಟೆನ್ಸ್ ಬರೀ 0.1 ಓಮ್ ಇದೆ ಅಂದುಕೊಳ್ಳಿ. ಅದರಲ್ಲಿ 10 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ. ಜೊತೆಗೆ 10 ವ್ಯಾಟ್ ಶಾಖ ಹುಟ್ಟುತ್ತದೆ, ಅದೂ ಪ್ಲಾಸ್ಟಿಕ್ ಟೇಪಿನ ಒಳಗೆ. ಧ್ವನಿ ಜೋರು ಮಾಡಿದಾಗ ಸೆಟ್ ಆಫ್ ಆಗುವುದಕ್ಕೆ ಇಷ್ಟೇ ಸಾಕಾಗಬಹುದು.

ಮೊದಲು ಕಪ್ಲರ್ ಕೇಳಿ

ವೈರ್ ಕತ್ತರಿಸದೆ ಕೆಲಸ ಮುಗಿಯುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ಗಾಡಿಯ ಕಂಪನಿ ಕಪ್ಲರ್‌ಗೆ (ವೈರ್‌ಗಳು ಸೇರುವ ಪ್ಲಗ್) ಒಂದು ಕಡೆ, ಹೊಸ ಸೆಟ್‌ಗೆ ಇನ್ನೊಂದು ಕಡೆ ಹೊಂದುವ ಹಾರ್ನೆಸ್, ಅಂದರೆ ರೆಡಿಮೇಡ್ ವೈರ್ ಕಟ್ಟು, ಸಿಗುತ್ತದೆ. ಮಾರುತಿ, ಹ್ಯುಂಡೈ, ಮಹೀಂದ್ರದಂಥ ಹೆಚ್ಚು ಓಡುವ ಗಾಡಿಗಳಿಗೆ ಹುಡುಕುವುದು ಕಷ್ಟವೇನಲ್ಲ. ಬೆಲೆ ಕೆಲವು ನೂರು ರೂಪಾಯಿ. ಮಡಿಕೇರಿಯಲ್ಲಿ ಸಿಗದಿದ್ದರೆ ಮೈಸೂರಿನಿಂದ ತರಿಸಿಕೊಳ್ಳಿ, ಎರಡು ದಿನ ಕಾಯುವುದರಿಂದ ನಷ್ಟವಿಲ್ಲ. ನಾಳೆ ಗಾಡಿ ಮಾರುವಾಗ ಹಳೆಯ ಸೆಟ್ ಹಾಗೇ ವಾಪಸ್ ಕೂರಿಸಬಹುದು. ವಾರಂಟಿ ಇರುವ ಗಾಡಿಯಲ್ಲಿ, ಕಂಪನಿ ವೈರ್ ಕತ್ತರಿಸಿದ್ದೀರಿ ಅಂತ ಸರ್ವಿಸ್ ಸೆಂಟರ್‌ನವರು ಮುಖ ಸಿಂಡರಿಸುವುದೂ ತಪ್ಪುತ್ತದೆ.

ಹಾರ್ನೆಸ್‌ನ ಒಂದು ತುದಿ ಬಿಡಿ ವೈರಾಗಿದ್ದರೆ ಅದನ್ನು ಸೆಟ್‌ನ ವೈರ್‌ಗಳಿಗೆ ನೀವೇ ಜೋಡಿಸಬೇಕು. ಆದರೆ ಆ ಕೆಲಸ ಮನೆಯ ಮೇಜಿನ ಮೇಲೆ ಆಗುತ್ತದೆ. ಸ್ಟೇರಿಂಗ್ ಕೆಳಗೆ ತಲೆ ತೂರಿಸಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಾಡುವ ಜಾಯಿಂಟ್‌ಗೂ ಮೇಜಿನ ಮೇಲೆ ಕೂತು ಮಾಡುವ ಜಾಯಿಂಟ್‌ಗೂ ಅಜಗಜಾಂತರ.

ಹೊರಗೆ ಕೊಳ್ಳುವ ಸೆಟ್‌ಗಳಲ್ಲಿ ವೈರ್ ಬಣ್ಣಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ. ಹಳದಿ ಯಾವಾಗಲೂ 12 ವೋಲ್ಟ್, ಕೆಂಪು ಕೀ ಆನ್ ಆದಾಗ ಮಾತ್ರ, ಕಪ್ಪು ಅರ್ತ್. ಬಿಳಿ ಜೋಡಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ನೆಗೆಟಿವ್. ಗಾಡಿಯ ಕಡೆಯ ಬಣ್ಣಗಳು ಮಾತ್ರ ಇದಕ್ಕೆ ಹೊಂದಲೇಬೇಕು ಅಂತಿಲ್ಲ. ಮಲ್ಟಿಮೀಟರ್ ಇಟ್ಟು ನೋಡದೆ ನಂಬಬೇಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹಳದಿ ಕನೆಕ್ಟರ್, ಹಳದಿ ಕೊಳವೆ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದು. ಅದರ ತಂಟೆಗೆ ಹೋಗಬೇಡಿ.

ತಿರುಚಿ ಟೇಪ್ ಸುತ್ತುವುದು

ಇದಕ್ಕೆ ಒಂದೇ ಉಪಯೋಗ: ಸ್ಪೀಕರ್ ಕೆಲಸ ಮಾಡುತ್ತದಾ ಅಂತ ಹತ್ತು ನಿಮಿಷ ಪರೀಕ್ಷೆ ಮಾಡಲು. ಪಿವಿಸಿ ಟೇಪಿನ ಅಂಟು ಬಿಸಿಲಿಗೆ ನಿಂತ ಗಾಡಿಯಲ್ಲಿ ಕರಗಿ ಜಾರುತ್ತದೆ, ಮಳೆಗಾಲದ ಥಂಡಿಯಲ್ಲಿ ಹಿಡಿತ ಬಿಡುತ್ತದೆ. ಎಳೆಗಳ ನಡುವೆ ತೇವ ಸೇರಿ ತಾಮ್ರ ಮಸುಕಾಗುತ್ತದೆ.

ಇನ್ನೊಂದು ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ಈಗಿನ ಸೆಟ್‌ಗಳಲ್ಲಿ ಸ್ಪೀಕರ್‌ನ ನೆಗೆಟಿವ್ ವೈರ್ ಅರ್ತ್ ಅಲ್ಲ. ಪಾಸಿಟಿವ್, ನೆಗೆಟಿವ್ ಎರಡರಲ್ಲೂ ಬ್ಯಾಟರಿಯ ಸುಮಾರು ಅರ್ಧದಷ್ಟು ವೋಲ್ಟೇಜ್ ಇರುತ್ತದೆ. ಟೇಪ್ ಜಾರಿ ಆ ವೈರ್ ಬಾಡಿಗೆ ತಗುಲಿದರೆ ಸೆಟ್ ಪ್ರೊಟೆಕ್ಷನ್‌ಗೆ ಹೋಗುತ್ತದೆ (ತಾನಾಗಿ ಬಂದ್ ಆಗುತ್ತದೆ), ಇಲ್ಲವೇ ಒಳಗಿನ ಆಂಪ್ಲಿಫೈಯರ್ ಐಸಿ ಸುಡುತ್ತದೆ. ತೋಟದ ಹಳೇ ಜೀಪಿನಲ್ಲಿ ಯಾರೋ ಹಿಂದೆ ಸ್ಪೀಕರ್ ನೆಗೆಟಿವ್ ಅನ್ನು ಬಾಡಿಗೇ ಕೊಟ್ಟಿದ್ದರೆ, ಹೊಸ ಸೆಟ್ ಹಾಕುವ ಮೊದಲು ಆ ವೈರಿಂಗ್ ಪೂರ್ತಿ ಬದಲಾಯಿಸಿ. ಪ್ರತಿ ಸ್ಪೀಕರ್‌ಗೂ ಎರಡೆರಡು ವೈರ್ ಬೇರೆಯಾಗಿಯೇ ಬರಬೇಕು.

ಸೋಲ್ಡರ್

ಸರಿಯಾಗಿ ಮಾಡಿದ ಸೋಲ್ಡರ್ ಜಾಯಿಂಟ್‌ನಲ್ಲಿ ಗಾಳಿಗೆ, ತೇವಕ್ಕೆ ಎಳೆಗಳ ನಡುವೆ ಜಾಗವೇ ಇರುವುದಿಲ್ಲ. ಸ್ಪೀಕರ್ ವೈರ್, ರಿಮೋಟ್ ವೈರ್ (ಆಂಪ್ಲಿಫೈಯರ್ ಆನ್ ಮಾಡುವ ಸಣ್ಣ ವೈರ್), ಸೆಟ್ ಹಿಂದಿನ ಸಣ್ಣ ವೈರ್‌ಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಸಾಮಾನೂ ಅಗ್ಗ. 60/40 ಸೋಲ್ಡರ್ ಲೆಡ್ 190 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗಿ ಹರಿಯುತ್ತದೆ. ಸಣ್ಣ ವೈರ್‌ಗೆ 25 ವ್ಯಾಟ್ ಐರನ್ ನಡೆಯುತ್ತದೆ, 2.5 ಸ್ಕ್ವೇರ್ ಎಂ.ಎಂ. ವೈರ್ ಕಾಯಿಸಲು 60 ವ್ಯಾಟ್ ಬೇಕು.

ಫ್ಲಕ್ಸ್ (ಲೆಡ್ ಹಿಡಿಯುವಂತೆ ಲೋಹವನ್ನು ಶುಚಿ ಮಾಡುವ ವಸ್ತು) ವಿಷಯದಲ್ಲಿ ಎಚ್ಚರ ಇರಲಿ. ರೋಸಿನ್ ಫ್ಲಕ್ಸ್ ಒಳಗೇ ತುಂಬಿರುವ ಲೆಡ್ ಕೊಳ್ಳಿ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ, ಪೈಪ್ ಕೆಲಸದ ಆ್ಯಸಿಡ್ ಫ್ಲಕ್ಸ್ ಇವೆಲ್ಲ ವೈರಿಗೆ ಬೇಡ. ಉಳಿದ ಅಂಶ ತೇವ ಎಳೆದುಕೊಂಡು ತಾಮ್ರವನ್ನು ತಿನ್ನುತ್ತದೆ, ಅದೂ ನಮ್ಮ ಹವೆಯಲ್ಲಿ ಬೇಗ.

ಮಾಡುವ ಕ್ರಮ ಹೀಗಿದೆ. ಮೊದಲು ಹೀಟ್ ಶ್ರಿಂಕ್ ಸ್ಲೀವ್ ವೈರಿಗೆ ತೂರಿಸಿ ದೂರ ಸರಿಸಿ. ಹತ್ತಿರ ಬಿಟ್ಟರೆ ಐರನ್ ಬಿಸಿಗೆ ಅಲ್ಲೇ ಕುಗ್ಗಿ ಕೂರುತ್ತದೆ. ಎರಡು ತುದಿಗಳನ್ನು ಎದುರುಬದುರು ಇಟ್ಟು, ಒಂದನ್ನು ಇನ್ನೊಂದರ ಮೈಗೆ ಸುತ್ತಿ. ಟೆಲಿಗ್ರಾಫ್ ತಂತಿಗಳ ಕಾಲದಲ್ಲಿ ಲೈನ್‌ಮನ್‌ಗಳು ಬಳಸುತ್ತಿದ್ದ ಗಂಟು ಇದೇ. ಲೆಡ್ ಇಲ್ಲದೆಯೂ ಎಳೆದರೆ ಬಿಡುವುದಿಲ್ಲ. ಆಮೇಲೆ ಐರನ್ ಅನ್ನು ವೈರಿಗೆ ಇಟ್ಟು, ಲೆಡ್ ಅನ್ನು ವೈರಿಗೆ ಮುಟ್ಟಿಸಿ. ವೈರ್ ಬಿಸಿಗೆ ಲೆಡ್ ತಾನಾಗಿ ಒಳಗೆ ಹೀರಿಕೊಳ್ಳಬೇಕು. ಐರನ್ ಮೇಲೆ ಲೆಡ್ ಕರಗಿಸಿ ವೈರಿಗೆ ಬಳಿದರೆ ಮೇಲೆ ಗುಂಡು ಕೂರುತ್ತದೆ, ಒಳಗೆ ಹಿಡಿತ ಇರುವುದಿಲ್ಲ.

ಸೋಲ್ಡರ್‌ನ ದೌರ್ಬಲ್ಯ ಜಾಯಿಂಟ್‌ನಲ್ಲಿ ಅಲ್ಲ, ಅದರ ಅಂಚಿನಲ್ಲಿ. ಲೆಡ್ ಹೀರಿಕೊಂಡ ವೈರ್ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಅದರಾಚೆ ವೈರ್ ಮೆತ್ತಗಿರುತ್ತದೆ. ಗಾಡಿ ಅಲುಗಿದಾಗೆಲ್ಲ ಬಾಗುವುದು ಆ ಗಡಿಯಲ್ಲೇ. ತಾರು ರಸ್ತೆಯಲ್ಲಿ ಓಡುವ ಕಾರಿಗೆ ಇದು ದೊಡ್ಡ ವಿಷಯವಲ್ಲ. ತೋಟದೊಳಗಿನ ಕಲ್ಲು ರಸ್ತೆಯಲ್ಲಿ ದಿನಾ ಏರಿಳಿಯುವ ಜೀಪು, ಪಿಕಪ್‌ಗೆ ಇದೇ ದೊಡ್ಡ ವಿಷಯ. ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಇನ್ಸುಲೇಶನ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಸೋಲ್ಡರ್ ಮಾಡಿದರೆ ಸ್ಲೀವ್ ಎರಡೂ ಕಡೆ ಇನ್ಸುಲೇಶನ್ ಮೇಲೆ ಒಂದು ಸೆಂಟಿಮೀಟರ್ ಆದರೂ ಹತ್ತಿ ಕೂರಲಿ. ಜಾಯಿಂಟ್‌ನ ಆಚೆ ಈಚೆ ಟ್ಯಾಗ್ (ಪ್ಲಾಸ್ಟಿಕ್ ಕೇಬಲ್ ಟೈ) ಹಾಕಿ ಉಳಿದ ವೈರ್ ಕಟ್ಟಿಗೆ ಬಿಗಿಯಿರಿ, ನೇತಾಡಲು ಬಿಡಬೇಡಿ.

ಜೊತೆಗೆ ಕರೆಂಟ್ ಬೇಕು. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿದು ಕೂರಬೇಕಾಗುತ್ತದೆ. ಗ್ಯಾಸ್‌ನಲ್ಲಿ ನಡೆಯುವ ಐರನ್ ಇದೆ, ಆದರೆ ವರ್ಷಕ್ಕೊಂದು ಸಲದ ಕೆಲಸಕ್ಕೆ ಯಾರು ಕೊಳ್ಳುತ್ತಾರೆ?

ಕ್ರಿಂಪ್

ಕಾರು ಕಂಪನಿಗಳು ವೈರಿಂಗ್ ಹಾರ್ನೆಸ್ ಮಾಡುವಾಗ ಟರ್ಮಿನಲ್‌ಗಳನ್ನು ಕ್ರಿಂಪ್ ಮಾಡಿಯೇ ಕೂರಿಸುತ್ತವೆ. ಲೋಹದ ಕೊಳವೆಯನ್ನು ವೈರ್ ಮೇಲೆ ಸರಿಯಾದ ಒತ್ತಡದಲ್ಲಿ ಒತ್ತಿದರೆ ಎಳೆಗಳೂ ಕೊಳವೆಯೂ ಒಂದೇ ಗಟ್ಟಿ ಆಗುತ್ತವೆ. ಬಿಸಿ ಇಲ್ಲ, ಕರೆಂಟ್ ಬೇಡ, ವೈರ್ ಮೆತ್ತಗೇ ಉಳಿಯುತ್ತದೆ. ಅಲುಗಾಟ ಜಾಸ್ತಿ ಇರುವ ಗಾಡಿಗೆ ನನ್ನ ಮೊದಲ ಆಯ್ಕೆ ಇದೇ.

ಆದರೆ ಕ್ರಿಂಪ್‌ಗೆ ಕೆಟ್ಟ ಹೆಸರು ಬಂದಿರುವುದಕ್ಕೂ ಕಾರಣ ಇದೆ. ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕಿದ್ದು ಕ್ರಿಂಪ್ ಅಲ್ಲ. ಹಾಗೆ ಒತ್ತಿದ ಕೊಳವೆ ಚಪ್ಪಟೆಯಾಗುತ್ತದೆ ಅಷ್ಟೇ, ಒಳಗೆ ಎಳೆಗಳು ಓಡಾಡುತ್ತಿರುತ್ತವೆ. ರ್‍ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್ ಬೇಕು. ಪೂರ್ತಿ ಒತ್ತುವ ತನಕ ಅದು ಬಾಯಿ ಬಿಡುವುದಿಲ್ಲ, ಹಾಗಾಗಿ ಅರ್ಧಂಬರ್ಧ ಕೆಲಸಕ್ಕೆ ಅವಕಾಶ ಇಲ್ಲ. ನಾಲ್ಕು ಸ್ಪೀಕರ್, ಒಂದು ಸೆಟ್ ಹಾಕುವುದಾದರೂ ಈ ಟೂಲ್‌ಗೆ ಹಾಕಿದ ದುಡ್ಡು ದಂಡವಲ್ಲ. ಆಮೇಲೆ ಫಾಗ್ ಲೈಟ್, ಹಾರ್ನ್, ಟ್ರೇಲರ್ ಲೈಟ್ ಎಲ್ಲಕ್ಕೂ ಅದೇ ಬರುತ್ತದೆ.

ಬಟ್ ಕನೆಕ್ಟರ್‌ಗಳ (ಎರಡು ವೈರ್ ತುದಿಗಳನ್ನು ಎದುರುಬದುರು ಸೇರಿಸುವ ಕ್ರಿಂಪ್ ಕೊಳವೆಗಳು) ಬಣ್ಣಕ್ಕೂ ಅರ್ಥ ಇದೆ. ಕೆಂಪು 0.5ರಿಂದ 1.5 ಸ್ಕ್ವೇರ್ ಎಂ.ಎಂ. ವೈರಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ಸೆಟ್ ಹಿಂದಿನ ವೈರ್‌ಗಳು, ಸಾಮಾನ್ಯ ಸ್ಪೀಕರ್ ವೈರ್‌ಗಳು ಹೆಚ್ಚಾಗಿ ಕೆಂಪಿಗೆ ಬರುತ್ತವೆ. ಅಂಗಡಿಯಲ್ಲಿ ಕೆಂಪು ಮುಗಿದಿದೆ ಅಂತ ನೀಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಕೊಳವೆ ದೊಡ್ಡದಾದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಒತ್ತಿದ ಮೇಲೆ ಎರಡೂ ವೈರ್ ಹಿಡಿದು ಜೋರಾಗಿ ಎಳೆಯಿರಿ. ಬರುವುದಾದರೆ ಈಗಲೇ ಕೈಗೆ ಬರಲಿ.

ಕನೆಕ್ಟರ್ ಮೇಲಿನ ಪ್ಲಾಸ್ಟಿಕ್ ಎರಡು ತರ. ಮಾಮೂಲಿ ಪಿವಿಸಿ ಇರುವುದು ಡ್ಯಾಶ್‌ಬೋರ್ಡ್ ಒಳಗೆ ಸಾಕು. ಬಾಗಿಲು, ಡಿಕ್ಕಿ, ಬಾನೆಟ್‌ಗೆ, ಒಳಮೈಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ ಕನೆಕ್ಟರ್ ಬೇಕು. ಬಿಸಿ ಮಾಡಿದರೆ ಸ್ಲೀವ್ ಕುಗ್ಗಿ, ಅಂಟು ಕರಗಿ ಎರಡೂ ತುದಿಯಲ್ಲಿ ಸ್ವಲ್ಪ ಉಕ್ಕಿ ಕಾಣಬೇಕು. ಆಗ ನೀರು ಒಳಗೆ ಹೋಗುವುದಿಲ್ಲ. ಹಾಟ್ ಏರ್ ಗನ್ ಇದ್ದರೆ ಒಳ್ಳೆಯದು. ಲೈಟರ್‌ನಲ್ಲೂ ಆಗುತ್ತದೆ, ಆದರೆ ಒಂದೇ ಕಡೆ ಹಿಡಿಯದೆ ಆಡಿಸುತ್ತಿರಬೇಕು, ಇಲ್ಲದಿದ್ದರೆ ಸ್ಲೀವ್ ಸುಟ್ಟು ಬಿರುಕು ಬಿಡುತ್ತದೆ. ಬಾನೆಟ್ ಕೆಳಗೆ ಲೈಟರ್ ಬೇಡವೇ ಬೇಡ, ಅಲ್ಲಿ ಪೆಟ್ರೋಲ್ ಪೈಪ್ ಇದೆ.

ಕ್ರಿಂಪ್ ಮಾಡಿ ಅದರ ಮೇಲೆ ಸೋಲ್ಡರನ್ನೂ ತುಂಬುವವರಿದ್ದಾರೆ. ಕ್ರಿಂಪ್ ಸರಿಯಾಗಿದ್ದರೆ ಅದರ ಅಗತ್ಯ ಇಲ್ಲ, ಮೆತ್ತಗಿದ್ದ ವೈರ್ ಸುಮ್ನೆ ಗಟ್ಟಿಯಾಗುತ್ತದೆ.

ಉಳಿದವು

ಟಿ-ಟ್ಯಾಪ್, ಸ್ಕಾಚ್‌ಲಾಕ್ ತರದ ಕ್ಲಿಪ್‌ಗಳು: ಇನ್ಸುಲೇಶನ್ ಬಿಡಿಸದೆ, ಚಾಲ್ತಿಯಲ್ಲಿರುವ ವೈರ್ ಮೇಲೆ ಕಚ್ಚಿಸಿ ಇನ್ನೊಂದು ವೈರ್ ತೆಗೆಯುವ ಸಾಧನ. ಐದು ನಿಮಿಷದ ಕೆಲಸ, ಅದಕ್ಕೇ ಜನಪ್ರಿಯ. ಒಳಗಿನ ಅಲಗು ಎಳೆಗಳನ್ನೂ ಕತ್ತರಿಸುತ್ತದೆ, ಕತ್ತರಿಸಿದ ಜಾಗ ಗಾಳಿಗೆ ತೆರೆದೇ ಇರುತ್ತದೆ. ಕೊಡಗಿನಲ್ಲಿ ಇದನ್ನು ಬಳಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಸ್ಕ್ರೂ ಬಿಗಿಯುವ ಪ್ಲಾಸ್ಟಿಕ್ ಕನೆಕ್ಟರ್ ಪಟ್ಟಿ ಮನೆ ವೈರಿಂಗ್‌ಗೆ ಸರಿ. ಗಾಡಿಯ ಅಲುಗಾಟಕ್ಕೆ ಸ್ಕ್ರೂ ಸಡಿಲವಾಗುತ್ತದೆ.

ಲಿವರ್ ಕನೆಕ್ಟರ್ ಸ್ವಲ್ಪ ಬೇರೆ. ವಾಗೋ ಕಂಪನಿಯ 221 ಸರಣಿಯಲ್ಲಿ 4 ಸ್ಕ್ವೇರ್ ಎಂ.ಎಂ. ವರೆಗಿನ ವೈರ್ ಹಾಕಬಹುದು. ಕಿತ್ತಳೆ ಲಿವರ್ ಎತ್ತಿ, 11 ಮಿಲಿಮೀಟರ್ ಬಿಡಿಸಿದ ವೈರ್ ತೂರಿಸಿ, ಲಿವರ್ ಮಡಚಿದರೆ ಮುಗಿಯಿತು. ಹಿಡಿಯುವುದು ಸ್ಪ್ರಿಂಗ್ ಆದ್ದರಿಂದ ಸ್ಕ್ರೂ ಹಾಗೆ ಸಡಿಲವಾಗುವುದಿಲ್ಲ. ಇದು ಕಟ್ಟಡಗಳಿಗೆಂದು ಮಾಡಿದ್ದು, ನೀರು ತಡೆಯುವುದಿಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಜಾಗ ಇದ್ದರೆ, ಟ್ಯಾಗ್ ಹಾಕಿ ಕಟ್ಟಿದರೆ, ಸ್ಪೀಕರ್ ವೈರ್‌ಗಳಿಗೆ ನನ್ನ ತಕರಾರಿಲ್ಲ. ಸೆಟ್ ಆಗಾಗ ಬದಲಾಯಿಸುವ ಹುಚ್ಚು ಇರುವವರಿಗೆ ಇದೇ ಅನುಕೂಲ. ಅಗ್ಗದ ನಕಲುಗಳು ಬೇಕಾದಷ್ಟಿವೆ, ಅವುಗಳ ಸ್ಪ್ರಿಂಗ್ ಮೇಲೆ ನಂಬಿಕೆ ಇಡಬೇಡಿ.

ಪಾರದರ್ಶಕ ಸ್ಲೀವ್ ಒಳಗೆ ಲೆಡ್ ಉಂಗುರ ಇರುವ ಸೋಲ್ಡರ್ ಸ್ಲೀವ್ ಆನ್‌ಲೈನ್‌ನಲ್ಲಿ ತುಂಬಾ ಓಡುತ್ತದೆ. ನೋಡಲು ಚೆಂದ. ಆದರೆ ಲೆಡ್ ಕರಗಿತು ಅಂದರೆ ವೈರ್ ಒಳಗೆ ಹೀರಿಕೊಂಡಿತು ಅಂತ ಅರ್ಥವಲ್ಲ. ವೈರ್ ಕಾಯುವಷ್ಟು ಬಿಸಿ ಕೊಟ್ಟರೆ ಸ್ಲೀವ್ ಸುಡುತ್ತದೆ, ಕಡಿಮೆ ಕೊಟ್ಟರೆ ಲೆಡ್ ಮೇಲೇ ನಿಲ್ಲುತ್ತದೆ. ಸಣ್ಣ ವೈರ್‌ಗೆ, ಕೈ ಕುದುರಿದವರಿಗೆ ಮಾತ್ರ.

ಆಂಪ್ಲಿಫೈಯರ್ ಹಾಕುವುದಾದರೆ

ಇಲ್ಲಿ ವಿಷಯ ಬದಲಾಗುತ್ತದೆ. ಚಾನೆಲ್‌ಗೆ 60 ವ್ಯಾಟ್‌ನ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಪೂರ್ತಿ ಹಾಡಿದರೆ ಬ್ಯಾಟರಿಯಿಂದ 30 ಆಂಪಿಯರ್ ಹತ್ತಿರ ಎಳೆಯಬಹುದು. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ 10 ಸ್ಕ್ವೇರ್ ಎಂ.ಎಂ. ತಾಮ್ರದ ಕೇಬಲ್ ಎಳೆದರೆ ಅಷ್ಟು ಉದ್ದಕ್ಕೂ ಬೀಳುವುದು ಕಾಲು ವೋಲ್ಟ್ ಆಸುಪಾಸು. ಒಂದು ಕೆಟ್ಟ ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ಕಿವಿ) ಒಂದೇ ಜಾಗದಲ್ಲಿ ಅಷ್ಟನ್ನೂ ತಿಂದುಹಾಕುತ್ತದೆ.

ಈ ಕೇಬಲ್‌ನಲ್ಲಿ ನಡುವೆ ಜಾಯಿಂಟ್ ಇರಲೇಬಾರದು. ಉದ್ದ ಸಾಲದಿದ್ದರೆ ಬೇರೆ ಕೇಬಲ್ ತನ್ನಿ. ತುದಿಗಳಿಗೆ ತಾಮ್ರದ ಲಗ್ ಹಾಕಿ, ಹೈಡ್ರಾಲಿಕ್ ಅಥವಾ ದೊಡ್ಡ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ. ಅದು ಮನೆಯಲ್ಲಿ ಇರುವ ಟೂಲ್ ಅಲ್ಲ. ಆದರೆ ಕೊಡಗಿನಲ್ಲಿ ಅದಕ್ಕೆ ಅಲೆಯಬೇಕಿಲ್ಲ. ಕಾಫಿ ಹೂವಿಗೆ ನೀರು ಹಾಯಿಸುವ ಪಂಪ್‌ಸೆಟ್‌ಗಳ ಕೇಬಲ್ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗಳನ್ನು, ಮೋಟರ್ ವೈಂಡಿಂಗ್ ಅಂಗಡಿಯವರನ್ನು ಕೇಳಿ ನೋಡಿ. ಕೇಬಲ್ ಅಳತೆಗೆ ಕತ್ತರಿಸಿ ಒಯ್ದರೆ ಎರಡು ಲಗ್ ಒತ್ತುವುದು ಅವರಿಗೆ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ದಪ್ಪ ಕೇಬಲ್‌ಗೆ ಸೋಲ್ಡರ್ ಸಹವಾಸ ಬೇಡ. ಸಣ್ಣ ಐರನ್ ಅದನ್ನು ಕಾಯಿಸಲಾರದು. ಮುಂದೆ ಜಾಯಿಂಟ್ ಬಿಸಿಯಾದರೆ ಲೆಡ್ ಮೆತ್ತಗಾಗುತ್ತದೆ.

ಆಂಪ್ಲಿಫೈಯರ್‌ನ ಸ್ಕ್ರೂ ಟರ್ಮಿನಲ್‌ಗೆ ಹಾಕುವ ತುದಿಗೂ ಲೆಡ್ ಬಳಿಯಬೇಡಿ. ಎಳೆಗಳು ಹರಡದಿರಲಿ ಅಂತ ಬಹಳ ಜನ ಬಳಿಯುತ್ತಾರೆ. ಲೆಡ್ ಒತ್ತಡಕ್ಕೆ ನಿಧಾನವಾಗಿ ಹರಿದು ತೆಳುವಾಗುತ್ತದೆ, ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲ. ಫೆರೂಲ್ (ಎಳೆಗಳ ತುದಿಗೆ ಹಾಕುವ ಲೋಹದ ಟೋಪಿ) ಹಾಕಿ ಒತ್ತಿ, ಇಲ್ಲವೇ ಬರೀ ತಾಮ್ರವನ್ನೇ ಬಿಗಿಯಿರಿ.

ಕೇಬಲ್ ಕೊಳ್ಳುವಾಗ ಅಲಗಿನಿಂದ ಒಂದು ಎಳೆ ಕೆರೆದು ನೋಡಿ. ಒಳಗೆಲ್ಲ ಬೆಳ್ಳಗಿದ್ದರೆ ತಾಮ್ರದ ಲೇಪ ಇರುವ ಅಲ್ಯೂಮಿನಿಯಂ. ಹೊರಗೆ ಬೆಳ್ಳಗಿದ್ದು ಕೆರೆದಾಗ ಕೆಂಪು ಕಂಡರೆ ತವರ ಲೇಪಿಸಿದ ತಾಮ್ರ, ನಮ್ಮ ತೇವಕ್ಕೆ ಅದೇ ಶ್ರೇಷ್ಠ. ಅಲ್ಯೂಮಿನಿಯಂ ಕೇಬಲ್ ಅದೇ ದಪ್ಪಕ್ಕೆ ತಾಮ್ರದ ಮೂರನೇ ಎರಡರಷ್ಟು ಮಾತ್ರ ಕರೆಂಟ್ ಸಾಗಿಸುತ್ತದೆ, ಕತ್ತರಿಸಿದ ತುದಿ ತೇವಕ್ಕೆ ಬೇಗ ಹಾಳಾಗುತ್ತದೆ. ಸೆಟ್ ಜೊತೆ ಅಗ್ಗಕ್ಕೆ ಬರುವ ವೈರಿಂಗ್ ಕಿಟ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ.

ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಇರಲಿ. ಅದು ಕಾಯುವುದು ಆಂಪ್ಲಿಫೈಯರನ್ನು ಅಲ್ಲ, ಕೇಬಲನ್ನು. ಬಾನೆಟ್‌ನಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ (ಅಂಚು ಮುಚ್ಚುವ ಬಳೆ) ಹಾಕಿ. ಇಲ್ಲದಿದ್ದರೆ ತಗಡಿನ ಅಂಚು ಇನ್ಸುಲೇಶನ್ ತಿಂದು ಶಾರ್ಟ್ ಆಗುತ್ತದೆ.

ಅರ್ತ್ ಕೂಡ ಒಂದು ಜಾಯಿಂಟೇ, ಆದರೆ ಯಾರೂ ಹಾಗೆ ನೋಡುವುದಿಲ್ಲ. ಪೇಂಟ್ ಮೇಲೆ ಲಗ್ ಬಿಗಿದರೆ ಅರ್ತ್ ಸಿಗುವುದಿಲ್ಲ. ಲೋಹ ಹೊಳೆಯುವ ತನಕ ಕೆರೆದು, ಲಗ್ ಬಿಗಿದು, ಆಮೇಲೆ ಸುತ್ತಲೂ ಪೇಂಟ್ ಅಥವಾ ಗ್ರೀಸ್ ಹಚ್ಚಿ. ಹಾಗೇ ಬಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು. ಸೀಟ್ ಬೆಲ್ಟ್ ಬೋಲ್ಟ್‌ಗೆ ಕೊಡಬೇಡಿ. ಎಕ್ಸಲರೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಏರಿದರೆ ಮೊದಲು ಅರ್ತ್ ನೋಡಿ.

ಹಾಗಾದರೆ ನಿಮ್ಮ ಗಾಡಿಗೆ?

ಹೊಸ ಕಾರು, ಸೆಟ್ ಮಾತ್ರ ಬದಲು: ಕಪ್ಲರ್ ಹಾರ್ನೆಸ್. ಬೇರೇನೂ ಯೋಚಿಸಬೇಡಿ.

ಹಳೆಯ ಕಾರು, ಯಾರೋ ಆಗಲೇ ಕಪ್ಲರ್ ಕತ್ತರಿಸಿದ್ದಾರೆ: ಐರನ್ ಹಿಡಿದು ಅಭ್ಯಾಸ ಇದ್ದರೆ ಸೋಲ್ಡರ್ ಮತ್ತು ಸ್ಲೀವ್, ಇಲ್ಲದಿದ್ದರೆ ರ್‍ಯಾಚೆಟ್ ಕ್ರಿಂಪ್. ಹಳೇ ವೈರ್ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ. ಕಪ್ಪು ತಾಮ್ರಕ್ಕೆ ಲೆಡ್ ಹಿಡಿಯುವುದಿಲ್ಲ, ಕ್ರಿಂಪ್ ಕೂಡ ಬಹಳ ದಿನ ಬಾಳುವುದಿಲ್ಲ. ಹತ್ತಾರು ಜಾಯಿಂಟ್‌ಗಳನ್ನು ಒಂದೇ ಸಾಲಿಗೆ ತರಬೇಡಿ. ಒಂದೊಂದನ್ನು ಎರಡು ಮೂರು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿದರೆ ಕಟ್ಟು ಸಣ್ಣದಾಗುತ್ತದೆ, ಒಂದಕ್ಕೊಂದು ತಗುಲುವ ಭಯವೂ ಕಡಿಮೆ.

ತೋಟದ ಜೀಪು, ಪಿಕಪ್: ಎಲ್ಲ ಕಡೆ ಅಂಟು ಇರುವ ಹೀಟ್ ಶ್ರಿಂಕ್ ಕ್ರಿಂಪ್. ಟಾರ್ಪಾಲಿನ್ ಮೇಲ್ಛಾವಣಿಯ ಗಾಡಿಯಲ್ಲಿ ಡ್ಯಾಶ್‌ಬೋರ್ಡ್ ಕೂಡ ಹೊರಗಿದ್ದ ಹಾಗೇ ಲೆಕ್ಕ. ಶೆಡ್‌ನಲ್ಲಿ ನಿಂತ ಗಾಡಿಗೆ ಇಲಿ ಕಾಟ ಇದ್ದೇ ಇರುತ್ತದೆ. ವೈರ್‌ಗಳನ್ನು ಸುರುಳಿ ಪೈಪ್ ಒಳಗೆ ತೂರಿಸಿದರೆ ಇಲಿ ನಿಲ್ಲುತ್ತದೆ ಅಂತಲ್ಲ, ಸ್ವಲ್ಪ ತಡವಾಗುತ್ತದೆ.

ಬಾಗಿಲಿನ ಸ್ಪೀಕರ್: ಬಾಗಿಲು ಮತ್ತು ಬಾಡಿ ನಡುವಿನ ರಬ್ಬರ್ ಕೊಳವೆಯೊಳಗೆ ಯಾವ ತರದ ಜಾಯಿಂಟೂ ಬೇಡ. ಬಾಗಿಲು ತೆರೆದು ಹಾಕುವಾಗೆಲ್ಲ ವೈರ್ ಬಾಗುವುದು ಅಲ್ಲೇ. ಒಂದೇ ತುಂಡು ವೈರ್ ಆ ಕೊಳವೆ ದಾಟಿ ಬರಲಿ. ಸ್ಪೀಕರ್ ಟರ್ಮಿನಲ್‌ಗೆ ಇನ್ಸುಲೇಶನ್ ಇರುವ ಸ್ಪೇಡ್ (ಚಪ್ಪಟೆ ಕನೆಕ್ಟರ್) ಕ್ರಿಂಪ್ ಮಾಡಿ. ವೈರ್ ಕೆಳಗಿನಿಂದ ಮೇಲಕ್ಕೆ ಬಂದು ಸ್ಪೀಕರ್ ಸೇರುವ ಹಾಗೆ ಒಂದು ಬಳುಕು ಬಿಡಿ. ಗ್ಲಾಸ್ ಸಂದಿಯಿಂದ ಇಳಿದ ನೀರು ವೈರ್ ಹಿಡಿದು ಟರ್ಮಿನಲ್‌ಗೆ ಬರುವ ಬದಲು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಪೋಲಾರಿಟಿ (ಪ್ಲಸ್ ಯಾವುದು, ಮೈನಸ್ ಯಾವುದು) ಅನುಮಾನ ಇದ್ದರೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ತಾಗಿದರೆ ಕೋನ್ ಹೊರಗೆ ಬರುತ್ತದೆ. ಆಂಪ್ಲಿಫೈಯರ್, ಸೆಟ್ ಎರಡರಿಂದಲೂ ವೈರ್ ಬಿಡಿಸಿದ ಮೇಲೆ ಮಾತ್ರ ಇದನ್ನು ಮಾಡಿ.

ಕೆಲಸ ಮುಗಿಸಿ ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲು ಇಂಜಿನ್ ಚಾಲೂ ಮಾಡಿ, ಧ್ವನಿ ಏರಿಸಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಹಳದಿ ವೈರಿನ ಜಾಯಿಂಟ್‌ನ ಆಚೆ ಒಂದು ಕಡ್ಡಿ, ಈಚೆ ಒಂದು ಕಡ್ಡಿ ಮುಟ್ಟಿಸಿ. ಕಪ್ಪು ವೈರಿಗೂ ಹಾಗೇ. 0.1 ವೋಲ್ಟ್‌ಗಿಂತ ಕಡಿಮೆ ಬಂದರೆ ಸರಿ. ಜಾಸ್ತಿ ಬಂದರೆ ಆ ಜಾಯಿಂಟ್ ಕತ್ತರಿಸಿ ಹೊಸದು ಮಾಡಿ. ಅಂಗಡಿಯಲ್ಲಿ ಮಾಡಿಸುವವರು ಇದನ್ನು ತಮ್ಮ ಎದುರಿಗೇ ಅಳೆಯಲು ಹೇಳಬಹುದು.